ಒಲೆಯ ಮುಂದಣ ಸಾಹಿತ್ಯ

೧

ಸಾಹಿತ್ಯವಿಮರ್ಶೆಯೆಂದರೆ ಮಹಾಕಾವ್ಯಗಳ ಗುಣದೋಷವಿಚಾರವೆಂದೇ ಎಣಿಸುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಪಂಪ ಕುಮಾರವ್ಯಾಸರನ್ನು ತೂಗುವ ತಕ್ಕಡಿಯಲ್ಲಿ ಅಜ್ಜಿಯ ಕಥೆಯನ್ನೋ ಮಕ್ಕಳ ಒಗಟನ್ನೋ ಇರಿಸುವುದು ವಿದ್ವಜ್ಜನರಿಗೆ ನಗೆಯ ಮಾತಾಗಿ ತೋರಬಹುದು. ಆದರೆ ಪಂಪನನ್ನು ಕೇಳಿ ಸವಿಯಬಲ್ಲ ಕಿವಿಯು ಎಲ್ಲಿ ತಯಾರಾಯಿತೆಂದು ವಿಚಾರಿಸಿದರೆ, ಉತ್ತರವು ಪಾಠಶಾಲೆಯ ಕಡೆಗೆ ಹೋಗದೆ ಬಚ್ಚಲೊಲೆಯ ಕಡೆಗೆ ಹೋಗುತ್ತದೆ. ಅಕ್ಷರವನ್ನರಿಯುವುದಕ್ಕೆ ಮುಂಚೆ ಮಗುವು ಉಂಡ ಮಾತಿನ ರುಚಿಯೇ ಮುಂದೆ ಅದರ ಕಾವ್ಯರುಚಿಗೆ ಮೂಲಧನವಾಗುವುದು. ಹೀಗಿರಲು ಆ ಮೊದಲ ಸಾಹಿತ್ಯವನ್ನು ವಿಮರ್ಶೆಯ ಅಂಗಳಕ್ಕೆ ಕರೆಯದೆ ಬಿಡುವುದು, ಬೇರನ್ನು ಮರೆತು ಕೊನೆಗೆ ನೀರೆರೆದಂತಾಗುತ್ತದೆ.

ಸಿದ್ದಾಪುರದ ಸೀಮೆಯಲ್ಲಿ ಈ ಮಾತನ್ನು ಹೇಳುವುದಕ್ಕೆ ವಿಶೇಷ ಕಾರಣವುಂಟು. ಸಹ್ಯಾದ್ರಿಯ ಮೇಲಣ ಈ ತಾಲೂಕಿನಲ್ಲಿ ಮಗುವು ವರ್ಷದ ದೊಡ್ಡ ಭಾಗವನ್ನು ಸೂರಿನ ಕೆಳಗೇ ಕಳೆಯಬೇಕಾಗುತ್ತದೆ. ಆಷಾಢ ಶ್ರಾವಣಗಳಲ್ಲಿ ಮಳೆ. ಮಾರ್ಗಶಿರ ಪುಷ್ಯಗಳಲ್ಲಿ ಚಳಿ. ಚಳಿಯ ದಿನಗಳಲ್ಲಿ ಸಂಜೆಯ ಬೆಳಕು ತೋಟದ ಕಣಿವೆಯಿಂದ ಬೇಗನೆ ಜಾರಿಹೋಗುವುದು. ಇಬ್ಬನಿಯು ಅಡಿಕೆಯ ಸೋಗೆಯಿಂದ ತೊಟ್ಟಿಕ್ಕುವ ಸದ್ದು ಮುಂಜಾನೆಯವರೆಗೂ ಕೇಳಿಬರುವುದು. ಅದೇ ಕಾಲಕ್ಕೆ ಕೊನೆಕೊಯ್ಲು. ಹಗಲು ಕೊಯ್ದ ಹಸಿಯಡಿಕೆಯನ್ನು ಬೇಗನೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದಲ್ಲದೆ ಕೆಂಪಡಿಕೆಯಾಗದು. ಆದುದರಿಂದ ಸುಲಿಯುವ ಯಂತ್ರಗಳು ಬರುವುದಕ್ಕೆ ಮುಂಚೆ ಜಗಲಿಯ ಮೇಲೆ ಮೆಟ್ಟುಗತ್ತಿಗಳನ್ನು ಸಾಲಾಗಿ ಹೂಡಿ, ಕಂದೀಲಿನ ಬೆಳಕಿನಲ್ಲಿ ಬಹಳ ಹೊತ್ತಿನವರೆಗೆ ಸುಲಿತವು ನಡೆಯುತ್ತಿತ್ತು. ದೊಡ್ಡವರ ಕೈಗೆ ಬಿಡುವಿಲ್ಲ, ಬಾಯಿಗೆ ಬಿಡುವುಂಟು. ಮಕ್ಕಳಿಗೆ ನಿದ್ದೆ ಬಂದಿಲ್ಲ, ಹೊರಗೆ ಹೋಗಲು ಅಪ್ಪಣೆಯಿಲ್ಲ. ಕೈಯನ್ನು ಕತ್ತಿಗೆ ಕೊಟ್ಟವರು ಮಗುವನ್ನು ಮಾತಿನಿಂದಲ್ಲದೆ ಬೇರಾವುದರಿಂದಲೂ ಹಿಡಿದು ಕೂರಿಸಲಾರರು. ಈ ಇಕ್ಕಟ್ಟಿನಿಂದಲೇ ಒಂದು ಸಾಹಿತ್ಯವು ಬೆಳೆದು ನಿಂತಿತು.

ಒಗಟು, ಸರಪಳಿಯ ಕಥೆ, ಅಜ್ಜಿಕಥೆ, ಮಣೆಯಾಟ, ಮನೆಯೊಳಗಿನ ಯಕ್ಷಗಾನ—ಇವು ಆ ಸಾಹಿತ್ಯದ ಅಂಗಗಳು. ಇವುಗಳನ್ನು ಹೊಗಳುವವರು ಇಂದು ಬಹಳ ಮಂದಿ ಇದ್ದಾರೆ. ವಿಚಾರಿಸಿ ನೋಡುವವರು ಕಡಿಮೆ. ಹೊಗಳಿಕೆಯಿಂದ ಇವು ಉಳಿಯಲಾರವು. ಇವುಗಳಲ್ಲಿ ಯಾವುದು ಮಗುವನ್ನು ನಿಜವಾಗಿ ರಂಜಿಸುತ್ತದೆ, ಯಾವುದು ಸುಮ್ಮನಿರಿಸುತ್ತದೆ, ಎರಡಕ್ಕೂ ಇರುವ ಭೇದವೇನು ಎಂಬುದನ್ನು ಬಿಡಿಸಿಕೊಂಡರೆ ಮಾತ್ರ ಇಂದಿನ ಗೃಹಸ್ಥನಿಗೆ ದಾರಿ ತೋರೀತು.

೨

ಮೊದಲು ಒಗಟಿನ ವಿಚಾರ. ಆಲಂಕಾರಿಕರಲ್ಲಿ ಪ್ರಹೇಳಿಕೆಗೆ ಹೆಚ್ಚಿನ ಮರ್ಯಾದೆ ದೊರೆತಿಲ್ಲ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಅದರ ೧೬ ಭೇದಗಳನ್ನು ವಿವರಿಸಿ, ವಿನೋದಗೋಷ್ಠಿಗಳಲ್ಲಿಯೂ, ನೆರೆದ ಜನರ ನಡುವೆ ಗುಟ್ಟಾಗಿ ಮಾತನಾಡಬೇಕಾದಲ್ಲಿಯೂ, ಎದುರಾಳಿಯನ್ನು ತಬ್ಬಿಬ್ಬುಗೊಳಿಸುವಲ್ಲಿಯೂ ಅದು ಉಪಯುಕ್ತವೆಂದು ಒಪ್ಪಿಕೊಂಡನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನಾದರೋ, ಅದು ರಸಕ್ಕೆ ವಿರೋಧಿಯಾದುದೆಂದು ಹೇಳಿ ಅಲಂಕಾರಗಳ ಪಂಕ್ತಿಯಿಂದಲೇ ಎಬ್ಬಿಸಿಬಿಟ್ಟನು. ರಸವು ತಡೆಯಿಲ್ಲದೆ ಹರಿಯಬೇಕು, ಒಗಟು ತಡೆಯನ್ನೊಡ್ಡುತ್ತದೆ ಎಂಬುದು ಅವನ ಅಭಿಪ್ರಾಯ.

ಪ್ರೌಢನಾದ ಸಹೃದಯನ ಮಟ್ಟಿಗೆ ವಿಶ್ವನಾಥನ ಮಾತು ಸಲ್ಲುವಂತಹುದೇ. ಆದರೆ ಅವನ ಮುಂದೆ ಕಂಬಳಿ ಹೊದ್ದ ಐದು ವರ್ಷದ ಕೂಸು ಕುಳಿತಿರಲಿಲ್ಲ. ಮಗುವಿಗೆ ತಡೆಯೇ ರಸದ ಬಾಗಿಲು. ಕಿಟಕಿ ಬಾಗಿಲುಗಳಿಲ್ಲದ ಮನೆ, ಅದರೊಳಗೊಂದು ಕೊಳ ಎಂಬ ಬಗೆಯ ಒಗಟನ್ನು ಅದರ ಮುಂದಿಟ್ಟು ನೋಡಬೇಕು. ತೆಂಗಿನಕಾಯನ್ನು ಅದು ಹುಟ್ಟಿದಂದಿನಿಂದ ಕಂಡಿದೆ; ದಿನವೂ ಅಡುಗೆಮನೆಯಲ್ಲಿ ಒಡೆಯುವ ಸದ್ದನ್ನು ಕೇಳಿದೆ. ಆದರೂ ಅದನ್ನು ನಿಂತು ನೋಡಿರಲಿಲ್ಲ. ಒಗಟು ಆ ಪರಿಚಿತವಾದ ಕಾಯನ್ನು ಒಂದು ಗಳಿಗೆಯ ಮಟ್ಟಿಗೆ ಕದ್ದು, ಅಪರಿಚಿತವಾದ ಮನೆಯನ್ನಾಗಿ ಮಾಡಿ, ಮತ್ತೆ ಕೈಗೆ ಕೊಡುತ್ತದೆ. ಉಪಮೇಯವನ್ನು ಉಪಮಾನವು ನುಂಗಿಕೊಂಡಿರುವುದಕ್ಕೆ ಶಾಸ್ತ್ರದಲ್ಲಿ ರೂಪಕಾತಿಶಯೋಕ್ತಿಯೆಂದು ಹೆಸರು. ವಿದ್ಯಾರ್ಥಿಗಳು ಲಕ್ಷಣವನ್ನು ಕಂಠಪಾಠ ಮಾಡಿಯೂ ತಡಕಾಡುವ ಈ ಅಲಂಕಾರವನ್ನು ಜಗಲಿಯ ಮಗುವು ತಾನೇ ಬಿಡಿಸಿ, ನುಂಗಲ್ಪಟ್ಟ ಉಪಮೇಯವನ್ನು ಹೊರಕ್ಕೆಳೆದು ಕುಣಿಯುತ್ತದೆ. ಭರತಮುನಿಯ ಮತದಲ್ಲಿ ವಿಸ್ಮಯವು ಅದ್ಭುತರಸಕ್ಕೆ ಸ್ಥಾಯಿ. ಆ ವಿಸ್ಮಯಕ್ಕೆ ಗಂಧರ್ವನಗರವು ಬೇಕಾಗಿಲ್ಲವೆಂದೂ ತೆಂಗಿನಕಾಯೇ ಸಾಕೆಂದೂ ತೋರಿಸಿಕೊಟ್ಟುದು ಒಗಟಿನ ದೊಡ್ಡ ಗುಣ.

ಅದರ ಇನ್ನೊಂದು ಗುಣವು ಉತ್ತರವನ್ನು ತಡೆಹಿಡಿಯುವುದರಲ್ಲಿದೆ. ಸುಲಿತದ ಜಗಲಿಯಲ್ಲಿ ಉತ್ತರವನ್ನು ಕೂಡಲೇ ಹೇಳಿಬಿಡುವುದು ಅರಸಿಕತೆಯೆನಿಸುತ್ತದೆ. ಮಗುವು ಅದನ್ನು ಹಾಸಿಗೆಗೊಯ್ದು, ಮರುದಿನ ಎಮ್ಮೆಯ ಕೊಟ್ಟಿಗೆಯಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ಹುಡುಕಬೇಕು. ಅಚ್ಚಾದ ಒಗಟಿನ ಪುಸ್ತಕಗಳು ಅದೇ ಪುಟದ ಕೆಳಗೆ ಉತ್ತರವನ್ನು ತಲೆಕೆಳಗಾಗಿ ಮುದ್ರಿಸುವುದರಿಂದ ಈ ಗುಣವನ್ನು ಕಳೆದುಕೊಂಡಿವೆ. ಮಗುವು ಯೋಚಿಸುವುದನ್ನು ಬಿಟ್ಟು ಪುಸ್ತಕವನ್ನು ತಿರುಗಿಸುವುದನ್ನು ಕಲಿಯುತ್ತದೆ. ಒಗಟಿಗೆ ಒಂದು ಮಿತಿಯೂ ಉಂಟು. ಬಿಡಿಸಿದ ಮೇಲೆ ಅದು ಸುಲಿದ ಸಿಪ್ಪೆಯಂತೆ ಬರಿದಾಗುವುದು. ಆದರೆ ಬಿಡಿಸಿದ ಮಗುವು ತನಗಿಂತ ಸಣ್ಣದಾದ ಇನ್ನೊಂದನ್ನು ಹುಡುಕಿಕೊಂಡು ಹೋಗಿ ಅದನ್ನೇ ಕೇಳುವಾಗ, ಅದು ಮತ್ತೆ ತುಂಬಿಕೊಳ್ಳುವುದು. ಆ ಗಳಿಗೆಯಲ್ಲಿ ಏಳು ವರ್ಷದ ಮಾಣಿಯು ಗುರುವಾಗುತ್ತಾನೆ.

೩

ಒಗಟಿನ ತರುವಾಯ ಸರಪಳಿಯ ಕಥೆ. ಒಂದು ಸಣ್ಣ ಕಾರಣದಿಂದ ಹೊರಟು, ಒಂದಕ್ಕೊಂದು ಕೊಂಡಿ ಹಾಕುತ್ತ, ಪ್ರತಿಸಲವೂ ಹಿಂದಿನ ಕೊಂಡಿಗಳನ್ನೆಲ್ಲ ಎಣಿಸಿ ಹೇಳುತ್ತ ಹೋಗುವ ಈ ಜಾತಿಯ ಕಥೆಗಳು ಕನ್ನಡನಾಡಿನ ಎಲ್ಲ ಸೀಮೆಗಳಲ್ಲಿಯೂ ಇವೆ. ಇವನ್ನು ಮೊದಲಾಗಿ ಅಚ್ಚಿನ ಮನೆಗೆ ಕೈಹಿಡಿದು ಕರೆದೊಯ್ದವರಲ್ಲಿ ಪಂಜೆ ಮಂಗೇಶರಾಯರು (೧೮೭೪–೧೯೩೭) ಅಗ್ರಗಣ್ಯರು. ‘ಹೇನು ಸತ್ತು ಕಾಗೆ ಬಡವಾಯ್ತು’, ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಹೆಸರುಗಳೇ ಮಗುವಿನ ಕಿವಿಯನ್ನು ಹಿಡಿಯುವಂತಿವೆ. ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ವಿದ್ವಾಂಸರು ಹೇನಿನ ಸಾವನ್ನು ಕುರಿತು ಬರೆಯಲು ಸಂಕೋಚಪಡಲಿಲ್ಲವೆಂಬುದು ಇಂದಿನ ಗಂಭೀರ ಲೇಖಕರು ನೆನೆಯತಕ್ಕ ವಿಷಯ.

ಇಂತಹ ಕಥೆಯಲ್ಲಿ ಅರ್ಥಕ್ಕಿಂತ ನಡೆಯೇ ಮುಖ್ಯ. ಸಿಗಡಿಯು ಒಣಗದಿರಲು ಹೊಣೆಯಾರು ಎಂಬ ಪ್ರಶ್ನೆಗೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತ ಹೋಗುವರು. ಮಗುವು ಆ ಸಾಲನ್ನು ತಪ್ಪದೆ ನೆನಪಿಡಬೇಕು. ಹೇಳುವವಳು ಬೇಕೆಂದೇ ಒಂದು ಕೊಂಡಿಯನ್ನು ಬಿಟ್ಟರೆ ಮಗುವು ತಕ್ಷಣ ತಡೆದು ತಿದ್ದುತ್ತದೆ. ಮೂರನೆಯ ಸಲ ಹೇಳುವ ಹೊತ್ತಿಗೆ ಕಥೆಯು ಹೇಳುವವಳ ಬಾಯಿಯಿಂದ ಕೇಳುವವರ ಬಾಯಿಗೆ ಹೋಗಿರುತ್ತದೆ. ನೀತಿಯಿಲ್ಲವೆಂದು ಇವನ್ನು ಹಳಿಯುವವರುಂಟು. ವಸ್ತುತಃ ಜಗತ್ತಿನ ಒಂದು ವಸ್ತುವು ಇನ್ನೊಂದಕ್ಕೆ ಅಂಟಿಕೊಂಡಿದೆಯೆಂಬ ದೊಡ್ಡ ತತ್ತ್ವವನ್ನು ಇವು ಹೇಳದೆಯೇ ಹೇಳುತ್ತವೆ. ಬಾಯಿಬಿಟ್ಟು ಹೇಳಿದ್ದರೆ ಮಗುವು ನಿದ್ದೆಹೋಗುತ್ತಿತ್ತು.

ಇಲ್ಲಿಯೇ ಹೂಂಗುಟ್ಟುವ ಪದ್ಧತಿಯನ್ನು ಗಮನಿಸಬೇಕು. ಕಥೆ ಹೇಳುವವಳು ವಾಕ್ಯವೊಂದನ್ನು ಮುಗಿಸಿ ನಿಲ್ಲುವಳು. ಕೇಳುವವರಲ್ಲಿ ಒಬ್ಬರು ‘ಹೂಂ’ ಎನ್ನಬೇಕು. ಹೂಂಗುಟ್ಟು ನಿಂತರೆ ಕಥೆಯೂ ನಿಲ್ಲುವುದು. ಇದು ಬರಿಯ ವಾಡಿಕೆಯಂತೆ ಕಂಡರೂ ಒಂದು ಸಂಪೂರ್ಣ ಕಾವ್ಯಮೀಮಾಂಸೆಯೇ ಇದರಲ್ಲಡಗಿದೆ. ಮಮ್ಮಟನು ಉಪದೇಶದ ಮೂರು ಬಗೆಗಳನ್ನು ಹೇಳಿದನು. ವೇದವು ಪ್ರಭುವಿನಂತೆ ಆಜ್ಞಾಪಿಸುವುದು, ಪುರಾಣವು ಗೆಳೆಯನಂತೆ ತಿಳಿಯಹೇಳುವುದು, ಕಾವ್ಯವು ಕಾಂತೆಯಂತೆ ಒಲಿಸಿಕೊಳ್ಳುವುದು. ಈ ಮೂರರಲ್ಲಿಯೂ ಕೇಳುವವನು ಕೇಳುತ್ತಲೇ ಇರುವನು. ಒಲೆಯ ಮುಂದಣ ಕಥೆಗೆ ನಾಲ್ಕನೆಯದಾದ ಒಂದು ಹೆಸರು ಬೇಕಾಗಿದೆ. ಪಿತಾಮಹೀಸಂಮಿತವೆಂದು ಕರೆದರೆ ಮಮ್ಮಟನು ಮುನಿಯಲಾರನು. ಅಜ್ಜಿಯು ಆಜ್ಞಾಪಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಒಲಿಸಿಕೊಳ್ಳುವ ಅಗತ್ಯವಂತೂ ಅವಳಿಗಿಲ್ಲ. ಮಗುವಿನ ಹೂಂಗುಟ್ಟಿಗಾಗಿ ಕಾಯುತ್ತಾಳೆ. ಮಗುವು ಒಪ್ಪಿದಲ್ಲದೆ ರಾಜಕುಮಾರನು ಏಳನೆಯ ಕೋಣೆಯ ಬಾಗಿಲನ್ನು ತೆರೆಯಲಾರನು. ಮಗುವಿಗೆ ಈ ಅಧಿಕಾರವನ್ನು ಕೊಟ್ಟ ಸಾಹಿತ್ಯವು ಬೇರೊಂದಿಲ್ಲ.

೪

ಅಜ್ಜಿಕಥೆಯ ವಿಚಾರದಲ್ಲಿ ಇಂದು ಎರಡು ತಪ್ಪು ತಿಳಿವಳಿಕೆಗಳು ಹರಡಿವೆ. ಅದು ಮಕ್ಕಳಿಗಾಗಿಯೇ ಹುಟ್ಟಿದ್ದೆಂಬುದು ಒಂದು. ಅದು ಸುಖದ ದಿನಗಳ ಸಂತಾನವೆಂಬುದು ಇನ್ನೊಂದು.

ಮೊದಲನೆಯದಕ್ಕೆ ಗಿರೀಶ ಕಾರ್ನಾಡರು (೧೯೩೮–೨೦೧೯) ಉತ್ತರ ಕೊಟ್ಟಿದ್ದಾರೆ. ಅವರ ಬಾಲ್ಯವು ಪಕ್ಕದ ಶಿರಸಿಯಲ್ಲಿಯೇ ಕಳೆಯಿತು. ೧೯೮೮ರ ‘ನಾಗಮಂಡಲ’ ನಾಟಕಕ್ಕೆ ಅವರು ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಆಧಾರವಾಗಿಟ್ಟುಕೊಂಡರು. ಸಂಜೆ ಮಕ್ಕಳಿಗೆ ಉಣಿಸುವಾಗಲೋ ಮಲಗಿಸುವಾಗಲೋ ಮನೆಯ ಹಿರಿಯ ಹೆಂಗಸರು ಹೇಳುವ ಇಂತಹ ಕಥೆಗಳನ್ನು ಅಲ್ಲಿದ್ದ ಇತರ ಹೆಂಗಸರೂ ಕೇಳುತ್ತಿದ್ದರೆಂದೂ, ಆದುದರಿಂದ ಮಕ್ಕಳ ನೆವದಲ್ಲಿ ಹೆಂಗಸರು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ಒಂದು ಮಾರ್ಗವು ಅವುಗಳಲ್ಲಿತ್ತೆಂದೂ ಅವರು ಹೇಳಿದರು. ಈ ಮಾತು ಬಹಳ ಯಥಾರ್ಥವಾದುದು. ಮಲತಾಯಿಯ ಕಾಟ, ಅತ್ತೆಯ ಕಾಟ, ಮಾತಾಡಿಸದ ಗಂಡ, ಮರವಾಗಿ ಹೋದ ಹೆಣ್ಣು—ಇವೇನೂ ಐದು ವರ್ಷದ ಮಗುವಿನ ಚಿಂತೆಗಳಲ್ಲ. ಮಗುವು ಅಲ್ಲಿ ರಾಕ್ಷಸನನ್ನೂ ಗಿಣಿಯನ್ನೂ ಕಂಡಿತು. ಪಕ್ಕದಲ್ಲಿ ಅಡಿಕೆ ಸುಲಿಯುತ್ತಿದ್ದ ಸೊಸೆಯು ತನ್ನನ್ನು ಕಂಡಳು.

ನಾಗಮಂಡಲದ ಆಧಾರಗಳಲ್ಲಿ ಒಂದಾದ ಕಥೆಯು ಈ ಪ್ರಸಂಗಕ್ಕೆ ಕನ್ನಡಿಯಂತಿದೆ. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳದೆ ಇಟ್ಟುಕೊಂಡಳು. ಒಳಗೆ ಉಸಿರುಕಟ್ಟಿದ ಅವೆರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಗಂಡಸಿನ ಅಂಗಿಯ ಮತ್ತು ಚಡಾವಿನ ರೂಪವನ್ನು ತಾಳಿ ಬಾಗಿಲ ಬಳಿ ಕುಳಿತವು. ಗಂಡನಿಗೆ ಸಂಶಯ ಹುಟ್ಟಿ ಜಗಳವಾಯಿತು. ಅವನು ಹನುಮಂತನ ಗುಡಿಗೆ ಮಲಗಲು ಹೋದನು. ಆರಿಸಿದ ದೀಪಗಳ ಜ್ವಾಲೆಗಳೆಲ್ಲ ಇರುಳು ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಅವನ ಮನೆಯ ಜ್ವಾಲೆಯು ಬಂದು ನಡೆದುದನ್ನು ಹೇಳಿತು. ಅವನು ಹಿಂದಿರುಗಿ ಆ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದಾಗ ಅವಳಿಗೆ ಎರಡೂ ಮರೆತುಹೋಗಿದ್ದವು. ಹೇಳದ ಕಥೆಯು ಮನೆಯನ್ನು ಮುರಿಯುತ್ತದೆ, ಕೊನೆಗೆ ತಾನೂ ಅಳಿಯುತ್ತದೆ ಎಂಬುದನ್ನು ಯಾವ ವಿಮರ್ಶಕನೂ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ.

ಎರಡನೆಯ ತಪ್ಪನ್ನು ತಿದ್ದುವುದು ಕಷ್ಟತರವಾದುದು. ಏಕೆಂದರೆ ಅದು ಗೌರವಸ್ಥ ಮನೆಗಳ ಹಳೆಯ ಗಾಯವನ್ನು ಮುಟ್ಟುತ್ತದೆ. ಹಿಂದೆ ಈ ಸೀಮೆಯ ಅನೇಕ ಬ್ರಾಹ್ಮಣ ಮನೆಗಳಲ್ಲಿ ಕಥೆಯ ಭಂಡಾರವೆನಿಸಿದ ಅಜ್ಜಿಯು ಯಾರು? ಹಲವೆಡೆ ಅವಳು ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತವರಿನಲ್ಲಿಯೋ ಮೈದುನನ ಮನೆಯಲ್ಲಿಯೋ ಜೀವ ಸವೆಸಿದ ಹೆಂಗಸು. ಮಂಗಲಕಾರ್ಯದಲ್ಲಿ ಅವಳು ಎದುರಿಗೆ ಬರಬಾರದು. ಹಬ್ಬದ ಮುಂಚೂಣಿಯಲ್ಲಿ ಅವಳಿಗೆ ಸ್ಥಾನವಿಲ್ಲ. ಮನೆಯವರು ಅವಳಿಗೆ ಬಿಟ್ಟುಕೊಟ್ಟ ರಾಜ್ಯವೆಂದರೆ ಒಲೆಯ ಮುಂದಿನ ಮೂರು ಮೊಳ ಜಾಗ ಮತ್ತು ಮಕ್ಕಳು. ವಿಧವಾವಿವಾಹದ ಕಾಯಿದೆಯು ೧೮೫೬ರಲ್ಲಿಯೇ ಬಂದಿತ್ತು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆಯು ೧೯೨೯ರಲ್ಲಿ ಬಂದಿತು. ಕಾಯಿದೆಯ ಪುಸ್ತಕದಿಂದ ಅಡುಗೆಮನೆಯವರೆಗಿನ ದಾರಿಯು ಬಹಳ ದೂರ. ಅಷ್ಟು ಕಾಲವೂ ಅವಳ ಕಥೆಗಳಲ್ಲಿ ರಾಜಕುಮಾರಿಯು ಸೆರೆಯಿಂದ ಬಿಡುಗಡೆಯಾಗುತ್ತಲೇ ಇದ್ದಳು. ಹೇಳುವವಳು ಮಾತ್ರ ಬಿಡುಗಡೆ ಹೊಂದಲಿಲ್ಲ.

ಕಾಶ್ಮೀರದ ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ ಅನಂತರಾಜನ ರಾಣಿಯಾದ ಸೂರ್ಯಮತಿಯ ಚಿತ್ತವಿನೋದಕ್ಕಾಗಿ ಕಥಾಸರಿತ್ಸಾಗರವನ್ನು ರಚಿಸಿದನು. ಅಲ್ಲಿ ಒಬ್ಬ ಪಂಡಿತನು ಒಬ್ಬ ರಾಣಿಗೆ ಕಥೆಯ ಕಡಲನ್ನೇ ತಂದನು. ಇಲ್ಲಿ ದುಃಖವನ್ನುಂಡವಳೇ ಕಥೆಯನ್ನು ಕಟ್ಟಿ, ದುಃಖವರಿಯದವರಿಗೆ ಹಂಚಿದಳು. ಆದುದರಿಂದ ‘ಅಜ್ಜಿಕಥೆಯ ಕಾಲವು ಮತ್ತೆ ಬರಲಿ’ ಎಂದು ಹಾರೈಸುವವರು ತಾವು ಏನನ್ನು ಬೇಡುತ್ತಿರುವೆವೆಂಬುದನ್ನು ತಿಳಿದು ಬೇಡಬೇಕು. ಆ ಕಥೆಯು ಬರಲಿ. ಆ ಅಜ್ಜಿಯ ಬಾಳು ಇನ್ನಾವ ಹೆಣ್ಣಿಗೂ ಬಾರದಿರಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂಬುದೇ ಈ ಕಾಲದ ಮುಂದಿರುವ ನಿಜವಾದ ಪ್ರಶ್ನೆ. ಸಾಧ್ಯವೆಂದಾದರೆ ಅಜ್ಜಿಯೊಬ್ಬಳ ಮೇಲೆಯೇ ಹೊರಿಸಿದ್ದ ಹೊರೆಯನ್ನು ತಂದೆಯೂ ಅಜ್ಜನೂ ಚಿಕ್ಕಪ್ಪನೂ ಹಂಚಿಕೊಂಡು ಒಲೆಯ ಮುಂದೆ ಕೂರಬೇಕಾಗುವುದು.

೫

ಆಟಗಳನ್ನು ಸಾಹಿತ್ಯದ ಲೇಖನದಲ್ಲಿ ಸೇರಿಸುವುದೇಕೆಂದು ಕೆಲವರು ಆಕ್ಷೇಪಿಸಬಹುದು. ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯವೇ ಇದಕ್ಕೆ ಸಮಾಧಾನ. ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಒಗ್ಗುವ ಕ್ರೀಡನೀಯಕವೊಂದು, ಎಂದರೆ ಆಟಿಕೆಯೊಂದು, ಬೇಕೆಂದು ಕೇಳಿದರು. ನಾಟ್ಯವೇದವು ಹುಟ್ಟಿದುದು ಆ ಬೇಡಿಕೆಯಿಂದ.

ಮಲೆನಾಡಿನ ಒಳಾಂಗಣದ ಆಟಗಳಿಗೆಲ್ಲ ಕಥೆಯ ನೆರಳುಂಟು. ಪಗಡೆಯ ಹಾಸನ್ನು ಹರಡಿದ ಕೂಡಲೇ ಧರ್ಮರಾಯನ ಸೋಲು ನೆನಪಾಗದ ಮನೆಯಿಲ್ಲ. ಚೆನ್ನೆಮಣೆಯು ಬದಿಗೆ ಏಳರಂತೆ ೧೪ ಗುಳಿಗಳುಳ್ಳ ಸಾಮಾನ್ಯವಾದ ಮರದ ತುಂಡು. ಆದರೆ ತುಳುನಾಡಿನ ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಬೀಸಿದ ಮಣೆಯ ಪೆಟ್ಟಿನಿಂದ ಇನ್ನೊಬ್ಬಳು ಸತ್ತಳೆಂಬ ಘೋರವಾದ ವೃತ್ತಾಂತವಿದೆ. ಕಾಳುಗಳನ್ನೆಣಿಸುತ್ತ ಮೋಸಕ್ಕೆ ಕೈಹಾಕಿದ ಅಕ್ಕತಂಗಿಯರಿಗೆ ಈ ಕಥೆಯನ್ನು ಹೇಳಿದರೆ ಬೇರೆ ನೀತಿಪಾಠವು ಬೇಕಾಗದು. ಹುಲಿಕುರಿಯ ಆಟದಲ್ಲಿ ಬಡವಾದ ಕುರಿಗಳು ಒಗ್ಗಟ್ಟಿನಿಂದ ಹುಲಿಯನ್ನು ಕಟ್ಟಿಹಾಕುವುದನ್ನು ಮಗುವು ತನ್ನ ಬೆರಳಿನಿಂದಲೇ ಕಲಿಯುತ್ತದೆ.

ಯಕ್ಷಗಾನದ ನಾಡಿನಲ್ಲಿ ಮಕ್ಕಳ ಆಟವೂ ಕೊನೆಗೆ ಯಕ್ಷಗಾನವೇ ಆಗುವುದು. ಅಡಿಕೆಯ ಹಾಳೆ ಕಿರೀಟ, ತಗಡಿನ ಡಬ್ಬಿ ಚಂಡೆ, ಅಮ್ಮನ ಸೀರೆ ತೆರೆ. ಹೆಚ್ಚಿನ ಗುಣವು ಅದರ ಅರ್ಥಗಾರಿಕೆಯಲ್ಲಿದೆ. ಪದ್ಯವು ಕಟ್ಟಿಟ್ಟದ್ದು, ಅರ್ಥವನ್ನು ಆಗಲೇ ಕಟ್ಟಬೇಕು. ಎಂಟು ವರ್ಷದ ಭೀಮನು ಆರು ವರ್ಷದ ಕೀಚಕನಿಗೆ ಸ್ವಂತ ಮಾತಿನಲ್ಲಿ ಉತ್ತರ ಕೊಡಬೇಕಾದಾಗ ಭಾಷೆಯು ಬಾಯಿಗೆ ಬರುತ್ತದೆ. ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು, ೨೦೨೦ರಲ್ಲಿ ತೀರಿಕೊಂಡವರು, ಪ್ರಸಂಗಗಳನ್ನು ರಚಿಸಿದ್ದಲ್ಲದೆ ಮಕ್ಕಳಿಗೂ ಈ ಕಲೆಯನ್ನು ಕಲಿಸಿದುದರ ಬೆಲೆಯನ್ನು ಈ ದೃಷ್ಟಿಯಿಂದಲೂ ಅರಿಯಬೇಕು.

೬

ಇನ್ನು ಅಚ್ಚಿನ ಸಾಹಿತ್ಯ. ಕನ್ನಡದಲ್ಲಿ ಮಕ್ಕಳ ಪುಸ್ತಕವು ಬಹುಮಟ್ಟಿಗೆ ಶಾಲೆಯ ಆಶ್ರಯದಲ್ಲಿ ಬೆಳೆಯಿತು. ಅದರ ಗುಣವೂ ದೋಷವೂ ಅಲ್ಲಿಂದಲೇ ಬಂದವು. ಈ ವಂಶದ ಮೂಲಪುರುಷನು ಪಂಚತಂತ್ರದ ವಿಷ್ಣುಶರ್ಮನೇ. ಮಂದಮತಿಗಳಾದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡುವೆನೆಂದು ಅವನು ಪಣತೊಟ್ಟನು. ದುರ್ಗಸಿಂಹನು ಕ್ರಿ. ಶ. ೧೦೩೧ರ ಸುಮಾರಿಗೆ ಅದನ್ನು ಕನ್ನಡಕ್ಕೆ ತಂದನು. ಕಥೆಗಳು ಅಮರವಾದುವು, ಆದರೆ ಕಥೆಯೆಂದರೆ ಆರು ತಿಂಗಳ ಗಡುವಿನ ಪಾಠವೆಂಬ ಭಾವನೆಯೂ ಅದರೊಡನೆ ಅಮರವಾಯಿತು. ಕಥೆ ಮುಗಿದ ಕೂಡಲೇ ‘ಇದರಿಂದ ತಿಳಿಯುವ ನೀತಿಯೇನು?’ ಎಂದು ಕೇಳುವ ಪ್ರಶ್ನೆಯು ಶಾಲೆಯ ಪಠ್ಯಗಳಲ್ಲಿ ಇಂದಿಗೂ ಸತ್ತಿಲ್ಲ. ಉಪಾಧ್ಯಾಯವರ್ಗವು ಈ ವಿಷಯದಲ್ಲಿ ಮಾಡಿದ ಅಪರಾಧವು ಸಣ್ಣದಲ್ಲ. ಹೂವನ್ನು ಕೊಟ್ಟು, ಮಗುವು ಮೂಸುವುದರೊಳಗಾಗಿ ಎಸಳೆಷ್ಟೆಂದು ಕೇಳಿದಂತಾಯಿತು.

ಉತ್ತಮರಾದ ಕವಿಗಳು ಈ ದೋಷವನ್ನು ದಾಟಿದ ಬಗೆಯನ್ನು ನೋಡಬೇಕು. ರಾಜರತ್ನಂ ಅವರ ತುತ್ತೂರಿಯ ಪದ್ಯದಲ್ಲಿ ಜಂಬದ ಹುಡುಗನು ಆಟಿಕೆಯನ್ನು ನೀರುಪಾಲು ಮಾಡಿಕೊಳ್ಳುತ್ತಾನೆ. ನೀತಿಯು ಅಲ್ಲಿಯೂ ಇದೆ. ಆದರೆ ನಗೆಯ ಬೆನ್ನೇರಿ ಬಂದುದರಿಂದ ಮಗುವಿಗೆ ಭಾರವಾಗುವುದಿಲ್ಲ. ಅಂಕೋಲೆಯ ದಿನಕರ ದೇಸಾಯಿಯವರು (೧೯೦೯–೧೯೮೨) ಚುಟುಕದ ಕೈಯಿಂದಲೇ ಮಕ್ಕಳಿಗೂ ಬರೆದರು. ಅವರ ಸಾಲು ಗಿಡ್ಡದು, ಪ್ರಾಸವು ಕಿವಿಗೆ ಹಗುರಾದುದು. ಶಿವರಾಮ ಕಾರಂತರ ‘ಬಾಲಪ್ರಪಂಚ’ವು (೧೯೩೬) ಮೂರು ಸಂಪುಟಗಳಲ್ಲಿ ಲೋಕದ ವಿಷಯಗಳನ್ನು ಮಕ್ಕಳ ಮುಂದೆ ಹರಡಿದ ಸಾಹಸ, ಮಗುವಿನ ‘ಏಕೆ?’ ಎಂಬ ಪ್ರಶ್ನೆಗೆ ಅದು ಗೌರವ ಕೊಟ್ಟಿತು.

ಇವೆಲ್ಲಕ್ಕೂ ಮಿಗಿಲಾಗಿ ಮಲೆನಾಡಿನ ಮಕ್ಕಳಿಗೆ ಕುವೆಂಪುರವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯು ಹತ್ತಿರವಾದುದು. ಮೂಲವು ಬ್ರೌನಿಂಗ್ ಕವಿಯು ೧೮೪೨ರಲ್ಲಿ ಪ್ರಕಟಿಸಿದ ಆಂಗ್ಲ ಪದ್ಯ; ಅದರ ಊರು ಜರ್ಮನಿಯ ಹ್ಯಾಮೆಲಿನ್. ಕುವೆಂಪುರವರು ಅದನ್ನು ತುಂಗೆಯ ದಡಕ್ಕೆ ತಂದರು. ಇಲಿಗಳ ಬಣ್ಣ, ಗಾತ್ರ, ಚೇಷ್ಟೆಗಳನ್ನು ಸಾಲುಸಾಲಾಗಿ ಹೇಳುವಲ್ಲಿ ಒಲೆಯ ಮುಂದಣ ಸರಪಳಿಯ ಕಥೆಯ ಉಸಿರೇ ಅದಕ್ಕೆ ಬಂದಿದೆ; ಗಟ್ಟಿಯಾಗಿ ಓದಿದಲ್ಲದೆ ಅದರ ರುಚಿ ತಿಳಿಯದು. ಇನ್ನೊಂದು ಗುಣವನ್ನು ವಿಮರ್ಶಕರು ಹೆಚ್ಚಾಗಿ ಎತ್ತಿ ಹೇಳಿಲ್ಲ. ಮಕ್ಕಳಿಗಾಗಿ ಬರೆದ ಈ ಪದ್ಯದಲ್ಲಿ ತಪ್ಪು ಮಾಡುವವರು ಮಕ್ಕಳಲ್ಲ, ಹಿರಿಯರು. ಕೆಲಸವಾಗುವವರೆಗೆ ಹೊನ್ನಿನ ಮಾತಾಡಿ, ಕೆಲಸವಾದ ಮೇಲೆ ಕೊಟ್ಟ ಮಾತನ್ನು ಮುರಿದ ದೊಡ್ಡವರು ತಮ್ಮ ಮಕ್ಕಳನ್ನೇ ಕಳೆದುಕೊಳ್ಳುತ್ತಾರೆ. ‘ಈಗ ಸುಮ್ಮನಿರು, ಕಥೆಯನ್ನು ನಾಳೆ ಹೇಳುವೆ’ ಎಂದು ಮಾತುಕೊಟ್ಟು ಮರೆಯುವ ಪ್ರತಿಯೊಬ್ಬ ಗೃಹಸ್ಥನೂ ಈ ಪದ್ಯವನ್ನು ತನಗಾಗಿ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

೭

ಕಾಲವು ಬದಲಾಗಿದೆ. ಜಗಲಿಯಲ್ಲಿ ವಿದ್ಯುದ್ದೀಪ ಉರಿಯುತ್ತದೆ. ಅಡಿಕೆಯನ್ನು ಯಂತ್ರವು ಸುಲಿಯುತ್ತದೆ. ಹತ್ತು ಮಕ್ಕಳಿದ್ದ ಮನೆಯಲ್ಲಿ ಒಂದು ಮಗುವಿದೆ, ಅನೇಕ ಮನೆಗಳಲ್ಲಿ ಅದೂ ಬೆಂಗಳೂರಿನಿಂದ ರಜೆಗೆ ಬರುವ ಮೊಮ್ಮಗು. ಚಳಿಯು ಮಾತ್ರ ಹಿಂದಿನಂತೆಯೇ ಕಣಿವೆಗಿಳಿಯುತ್ತದೆ. ಹೊರಗೆ ಬಿಡಲಾಗದ ಆ ಮಗುವಿನ ಕೈಗೆ ಮೊಬೈಲನ್ನು ಕೊಟ್ಟರೆ ಮನೆಯು ನಿಶ್ಶಬ್ದವಾಗುತ್ತದೆ. ಕೊಡುವವರನ್ನು ನಿಂದಿಸುವುದು ಸುಲಭ. ದುಡಿದು ದಣಿದ ತಾಯಿಗೆ ಒಂದು ಗಳಿಗೆಯ ವಿಶ್ರಾಂತಿಯು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ವಿಮರ್ಶೆಯು ವಸ್ತುವನ್ನು ತೂಗಿ ನೋಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಒಂದು ವರ್ಷದ ಮಗುವಿಗೆ ಪರದೆಯೇ ಬೇಡವೆಂದೂ, ೨ರಿಂದ ೪ ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳಿದೆ. ಮಗುವು ಕುಳಿತಿರುವ ವೇಳೆಯಲ್ಲಿ ಹಿರಿಯರೊಡನೆ ಓದುವುದನ್ನೂ ಕಥೆ ಕೇಳುವುದನ್ನೂ ಅದೇ ಸೂಚನೆಯು ಪ್ರೋತ್ಸಾಹಿಸಿದೆ. ಅಜ್ಜಿಯರು ಯಾರ ಸೂಚನೆಯೂ ಇಲ್ಲದೆ ನಡೆಸಿದ ಕ್ರಮಕ್ಕೆ ವೈದ್ಯರ ಸಮ್ಮತಿಯು ತಡವಾಗಿಯಾದರೂ ದೊರೆಯಿತು.

ಸಾಹಿತ್ಯದ ದೃಷ್ಟಿಯಿಂದ ಹೇಳಬೇಕಾದುದು ಬೇರೆ. ಪರದೆಯಲ್ಲಿ ಕಥೆಗಳಿಲ್ಲವೆಂದಲ್ಲ, ಒಳ್ಳೆಯ ಕಥೆಗಳೂ ಬೇಕಾದಷ್ಟಿವೆ. ಆದರೆ ಅವು ಹೂಂಗುಟ್ಟಿಗಾಗಿ ಕಾಯುವುದಿಲ್ಲ. ಮಗುವು ನಿದ್ದೆಹೋದರೂ, ಅತ್ತರೂ, ಎದ್ದುಹೋದರೂ ಚಿತ್ರವು ಓಡುತ್ತಲೇ ಇರುವುದು. ಕೊಂಡಿ ತಪ್ಪಿದಾಗ ತಿದ್ದುವ ಸಂತೋಷವು ಅಲ್ಲಿಲ್ಲ. ಬಾಗಿಲು ತೆರೆಯುವ ಅಧಿಕಾರವೂ ಇಲ್ಲ. ಮೊದಲು ಕೇಳಿದ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಕಾಣಬಹುದು. ಮಗುವಿಲ್ಲದೆಯೂ ನಡೆಯಬಲ್ಲದ್ದು ಅದನ್ನು ಸುಮ್ಮನಿರಿಸುವ ಉಪಾಯ. ಮಗುವಿಲ್ಲದೆ ನಡೆಯಲಾರದ್ದು ಅದರ ಸಾಹಿತ್ಯ. ಈ ಅಳತೆಗೋಲಿನಿಂದ ಪುಸ್ತಕವನ್ನೂ ಅಳೆಯಬಹುದು. ಓದಿ ಹೇಳುವವರಿಲ್ಲದೆ ಮೂಲೆಯಲ್ಲಿ ಬಿದ್ದಿರುವ ಚಿತ್ರಪುಸ್ತಕವು ಪರದೆಗಿಂತ ಹೆಚ್ಚೇನೂ ಅಲ್ಲ.

ಜಿಲ್ಲೆಯ ಸಾಹಿತ್ಯಾಸಕ್ತರು ಮಾಡಬೇಕಾದ ಕೆಲಸವು ದೊಡ್ಡದೇನೂ ಅಲ್ಲ. ಎಲ್. ಆರ್. ಹೆಗಡೆಯವರಂತಹ ವಿದ್ವಾಂಸರು ಉತ್ತರ ಕನ್ನಡದ ಜನಪದ ಸಾಹಿತ್ಯವನ್ನು ಊರೂರು ತಿರುಗಿ ಸಂಗ್ರಹಿಸಿದರು. ಆ ಸಂಗ್ರಹಗಳು ಗ್ರಂಥಾಲಯದ ಕಪಾಟಿನಲ್ಲಿ ಕ್ಷೇಮವಾಗಿವೆ. ಮಕ್ಕಳ ಕಿವಿಗೆ ಮಾತ್ರ ಹಿಂದಿರುಗಿಲ್ಲ. ಈ ಚಳಿಗಾಲದಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರಿಗೆ ನೆನಪಿರುವ ಒಂದು ಒಗಟನ್ನೂ ಒಂದು ಕಥೆಯನ್ನೂ ಹೊರತೆಗೆದು, ಮೊದಲು ಮಗುವಿಗೆ ಹೇಳಿ, ಆಮೇಲೆ ಬರೆದಿಟ್ಟರೆ ಸಾಕು. ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಬರೆದಿಟ್ಟ ಮೇಲೆ ಹೇಳಿದರಾಯಿತೆಂದು ಕಾದವರ ಗತಿಯು ಕಥೆಯನ್ನೂ ಹಾಡನ್ನೂ ಬಚ್ಚಿಟ್ಟ ಆ ಹೆಂಗಸಿನ ಗತಿಯೇ ಆದೀತು. ಕೇಳುವವರು ಬಂದಾಗ ಹೇಳುವುದಕ್ಕೆ ಏನೂ ಉಳಿದಿರಲಾರದು. ಬಚ್ಚಲೊಲೆಯಲ್ಲಿ ಇನ್ನೂ ಕೆಂಡವಿದೆ, ಹಪ್ಪಳವನ್ನು ಸುಡುವಷ್ಟು ಬಿಸಿಯಿದೆ, ಕಂಬಳಿಯೊಳಗಿನಿಂದ ಹೂಂಗುಟ್ಟಲು ಮಗುವು ಸಿದ್ಧವಾಗಿದೆ. ಹೇಳುವವರು ಬಂದು ಕುಳಿತುಕೊಳ್ಳುವುದೊಂದೇ ಬಾಕಿ.